ಸಾಹೇಬರ ಹೊಸ ಪಾಸ್‌ವರ್ಡ್

ಗದಗಿನ ಒಂದು ಫೈನಾನ್ಸ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಭಾಗೀರಥಿ ಸೇರಿ ಮೂರೇ ದಿನವಾಗಿತ್ತು. ಮ್ಯಾನೇಜರ್ ಹಂಪಿಹೊಳಿ ಸಾಹೇಬರು ಎಲ್ಲರೆದುರು ಗುಡುಗಿದರು.

"ತಿಂಗಳಿಗೊಂದು ಪಾಸ್‌ವರ್ಡ್ ನೆನಪಿಡಾಕ ನಾನೇನು ಸಾಲಿ ಹುಡುಗನ? ನನಗೊಂದು ಸರಳ ಪಾಸ್‌ವರ್ಡ್ ಇಡು. ಆಗೂದಿಲ್ಲಂದ್ರ ನಾಳೆಯಿಂದ ಬರಬ್ಯಾಡ."

ಇಟ್ಟರೆ ಗಿರಾಕಿಗಳ ಕಾಗದಪತ್ರವೆಲ್ಲ ಬಯಲು. ಇಡದಿದ್ದರೆ ಕೆಲಸ ಹೋಗುತ್ತದೆ. ಭಾಗೀರಥಿ "ಆತ್ರಿ ಸರ್" ಎಂದು ಅಲ್ಲಿದ್ದ ಮೂವರಿಗೆ ಚೀಟಿ ಕೊಟ್ಟಳು. "ಸಾಹೇಬ್ರು ಏನು ಪಾಸ್‌ವರ್ಡ್ ಇಡಬಹುದು? ಬರೀರಿ."

ಸಾಹೇಬರೇ ಚೀಟಿ ಬಿಚ್ಚಿದರು. ಮೂರರಲ್ಲೂ ಅವರ ಮಗಳ ಹೆಸರು! ಚಹಾ ಮಾಡುವ ಯಲ್ಲವ್ವ ಆ ಮಗಳು ಹುಟ್ಟಿದ ವರ್ಷವನ್ನೂ ಸೇರಿಸಿದ್ದಳು. ಸಾಹೇಬರ ಮನಸ್ಸಿನಲ್ಲಿದ್ದದ್ದೂ ಅದೇ.

"ಮತ್ತೇನಿಡಲಿ ತಂಗಿ?"

"ಇಷ್ಟು ದಿನ ಯಾರಿಗೂ ಹೇಳದ ಮಾತೊಂದು ಇಡ್ರಿ ಸರ್."

ಸಾಹೇಬರು ಬಹಳ ಹೊತ್ತು ಯೋಚಿಸಿ ಟೈಪ್ ಮಾಡಿದರು. ಆಮೇಲೆ ಎದ್ದು ಬಂದು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಹೇಳಿದರು: "ಯಲ್ಲವ್ವ, ನಿನ್ನ ಚಹಾದಿಂದನ ನನ್ನ ದಿನ ಸಾಗತೈತಿ." ಯಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನಿಂದನೂ ಉಪಕಾರ ಆತವ್ವ" ಎಂದು ಅವರು ಭಾಗೀರಥಿಗೂ ಕೈಮುಗಿದರು.

ಭಾಗೀರಥಿಯೂ ಕೈಮುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಸರ್, ಈಗ ಪಾಸ್‌ವರ್ಡ್ ಮತ್ತ ಬದಲಿಸಬೇಕಾತು."