ಬಾಯಿ ಬಿಡದ ಕಪ್ಪವ್ವ

ಲೋಕದಲ್ಲಿ ಎಲ್ಲಕ್ಕೂ ಇನ್ನೂ ಹೆಸರಿಟ್ಟು ಮುಗಿದಿರಲಿಲ್ಲ, ಆಗಿನ ಮಾತಿದು ಪುಟ್ಟಾ. ಹಳೇ ಪೇಟೆಯ ಕಂಚುಗಾರರ ಸಂದಿಯಲ್ಲಿ, ಗೋಡೆ ಮೂಲೆಗೆ ಅವಿತು ಕೂತು, ಕೆನ್ನೆ ಉಬ್ಬಿಸಿ ಬಾಯಿಂದ ನೀರು ಚಿಮ್ಮಿಸುವ ಕಲ್ಲುಕಪ್ಪೆ ಇದೆಯಲ್ಲ, ಅಲ್ಲಿ ಆಗ ಒಂದು ಹೊಳೆ ಹರಿಯುತ್ತಿತ್ತು. ಆ ಹೊಳೆಯಲ್ಲಿ ಕಪ್ಪವ್ವ ಅನ್ನೋ ಕಪ್ಪೆ ಇದ್ದಳು.

ಒಂದು ದಿನ ಹೊಳೆಗೆ ಸಮುದ್ರಕ್ಕೆ ಹತ್ತಿರದ ದಾರಿ ಸಿಕ್ಕಿತು. ಹೊರಟಳು. ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲ, ಆ ಪದ್ಧತಿ ಆಗಲೇ ಇತ್ತು.

"ಬರ್ತೀನಿ ಕಪ್ಪವ್ವ" ಎಂದಳು.

"ಆಗಲಿ ಹೊಳೆಯಕ್ಕ, ಇಲ್ಲೇ ಕಾದಿರ್ತೀನಿ."

ಹೊಳೆ ಅಂದದ್ದು ಬರೀ ಮರ್ಯಾದೆಯ ಮಾತೆಂದು ಕಪ್ಪವ್ವನಿಗೆ ತಿಳಿಯಲಿಲ್ಲ.

ಹೊಳೆಯ ಪಾತ್ರ ಒಣಗಿತು. ಗುಂಡಿಯಲ್ಲಿ ಉಳಿದದ್ದು ಒಂದು ಬಾಯಷ್ಟು ನೀರು. ಅದರಲ್ಲಿ ಕಪ್ಪವ್ವನ ಮರಿಗಳು, ಬಾಲ ಬಡಿಯುವ ಗೊದಮೊಟ್ಟೆಗಳು. ನೀರನ್ನೂ ಮರಿಗಳನ್ನೂ ಬಾಯೊಳಗೆ ತುಂಬಿಕೊಂಡು ಅವಳು ಬಂಡೆಯ ಮೇಲೆ ಕೂತಳು. ಬಾಯಿ ಬಿಟ್ಟರೆ ನೀರು ಹೋಯಿತು. ನೀರು ಹೋದರೆ ಮಕ್ಕಳು ಹೋದವು.

ಬಿಸಿಲೇರಿತು. ಕೊಕ್ಕರೆ ಬಂದು ಎದುರಿಗೆ ಒಂಟಿಕಾಲಲ್ಲಿ ನಿಂತಿತು.

"ಏನ್ ಕಪ್ಪವ್ವ, ಬಾಯ್ತುಂಬ ಹೋಳಿಗೇನಾ? ನಮಗೂ ಒಂದು ಚೂರು ಕೊಡಬಾರದಾ?"

ಕಪ್ಪವ್ವ ಮಾತಾಡಲಿಲ್ಲ.

"ಹೊಳೆಗೆ ಕಾಯ್ತಿದ್ದೀಯಾ? ಬರ್ತೀನಿ ಅಂತ ಎಲ್ಲರೂ ಹೇಳ್ತಾರೆ ಮಾರಾಯ್ತಿ. ಯಾರು ಬರ್ತಾರೆ?"

ಕಪ್ಪವ್ವ ಮಾತಾಡಲಿಲ್ಲ. ಬಾಯಲ್ಲಿದ್ದ ನೀರು ಬೆಚ್ಚಗಾಗುತ್ತಿತ್ತು. ಮರಿಗಳು ಒದ್ದಾಡುತ್ತಿದ್ದವು. ಕೊಕ್ಕರೆ ಇನ್ನೊಂದು ಹೆಜ್ಜೆ ಹತ್ತಿರ ಬಂತು.

ದೇವರನ್ನು ಕರೆಯಬೇಕು. ಕರೆಯಲು ಬಾಯಿ ಬಿಡುವಂತಿಲ್ಲ. ಆಗ ಕಪ್ಪವ್ವ ತುಟಿ ಬಿಗಿದು ಗಂಟಲಲ್ಲೇ ಜಪ ಶುರು ಮಾಡಿದಳು. ಒಂದೊಂದು ನಾಮಕ್ಕೂ ಗಂಟಲು ಒಮ್ಮೆ ಮಿಡಿಯಿತು. ಶಿವ. ಶಿವ. ಶಿವ.

ಕೊಕ್ಕರೆ ಕತ್ತು ಹಿಂದಕ್ಕೆಳೆದು ಕುಕ್ಕಿತು.

ಠಣ್.

ನೊಂದದ್ದು ಕೊಕ್ಕು. ದೇವರು ಅವಳ ಮೈಯನ್ನು ಕಲ್ಲು ಮಾಡಿದ್ದ. ಕೊಕ್ಕರೆ ಹೆದರಿ ಹಾರಿಹೋಯಿತು.

ಇದನ್ನು ಕಂಡ ಗಾಳಿ ಓಡಿತು. "ಹೊಳೆಯಕ್ಕ, ನಿನ್ನ ಮಾತು ನಂಬಿ ಅವಳು ಅಲ್ಲಿ ಕಲ್ಲಾಗಿ ಕೂತಿದ್ದಾಳೆ. ಮಕ್ಕಳು ಇನ್ನೂ ಬಾಯಲ್ಲೇ ಇದಾವೆ."

"ಅಯ್ಯೋ, ನಾನು ಬಾಯಿಮಾತಿಗೆ ಅಂದಿದ್ದೆ" ಎಂದಳು ಹೊಳೆ. ಮುಖ ತೋರಿಸಲು ನಾಚಿಕೆಯಾಗಿ ನೆಲದಡಿಯಲ್ಲೇ ಹರಿದು ಬಂದಳು. ಬಂಡೆ ಸೀಳಿಕೊಂಡು ಕಪ್ಪವ್ವನ ಬಾಯಿಂದ ಚಿಮ್ಮಿದಳು. ನೀರಿನ ಜೊತೆ ಮರಿಗಳೂ ಹೊರಬಿದ್ದು, ತುಂಬಿದ ಗುಂಡಿಯಲ್ಲಿ ಈಜಿದವು.

ಕಪ್ಪವ್ವ ಮಾತ್ರ ಮತ್ತೆ ಏಳಲಿಲ್ಲ. ಸುತ್ತ ಮನೆಗಳು ಬಂದವು, ಸಂದಿಯಾಯಿತು. ಅವಳನ್ನು ಯಾರೂ ಕದಲಿಸಲಿಲ್ಲ.

ತಾಯಿ ಬಿಟ್ಟ ಕಡೆಯಿಂದ ಮಕ್ಕಳು ಜಪ ಹಿಡಿದವು. ಮಳೆ ನಿಂತ ಮೇಲೆ ಅಂಗಳದಲ್ಲಿ ಕೂತ ಕಪ್ಪೆಯನ್ನು ನೋಡು ಪುಟ್ಟಾ, ಬಾಯಿ ಮುಚ್ಚಿಯೇ ಇರುತ್ತದೆ, ಗಂಟಲು ಮಾತ್ರ ಮಿಡಿಯುತ್ತಲೇ ಇರುತ್ತದೆ.