ತ್ಯಾಂಪ ವೀಸಾದ ದಿನ ಉಳಿಸಿದ್ದು

ಮೂಲ್ಕಿಯ ಹತ್ತಿರ ಕಲ್ಯಾಣಿ ಅಂತ ಒಬ್ಬಳಿದ್ದಳು, ಅವಳಿಗೊಬ್ಬ ಮಗ ತ್ಯಾಂಪ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವವ. ಬೆನ್ನ ಹಿಂದೆ ನಾಯಿ ಮೀನು ತಿಂದರೂ ತಿರುಗುವವನಲ್ಲ. "ಇವನಿಗೆ ಯಾರು ಕೆಲಸ ಕೊಡುತ್ತಾರೆ?" ಅಂತ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಕೊಟ್ಟವರು ಇದ್ದಿನಬ್ಬ ಧಣಿಗಳು. ಗಲ್ಫಿನಲ್ಲಿ ಅವರದೊಂದು ಬೇಕರಿ. ಹಿಟ್ಟು ಇಷ್ಟೇ ಹಾಕು ಅಂದರೆ ತ್ಯಾಂಪ ಅಷ್ಟೇ ಹಾಕುವವ. ಅಂಥ ಆಳು ಮತ್ತೆಲ್ಲಿ ಸಿಗಬೇಕು?

ಆದರೆ ಆ ದೇಶದ ಕೆಲಸದ ವೀಸಾಕ್ಕೆ ಗಡುವುಂಟು, ಅದು ಮುಗಿದರೆ ಊರಿಗೆ ಮರಳಲೇಬೇಕು. ಗಡುವು ಹತ್ತಿರ ಬಂತು, ಅವನ ಸಂಬಳದಲ್ಲೇ ನಡೆಯುತ್ತಿದ್ದ ತಂಗಿ ಸುಮಲತಾಳ ನರ್ಸಿಂಗ್ ಓದು ಮುಗಿದಿರಲಿಲ್ಲ. ಕಲ್ಯಾಣಿ ಫೋನಿನಲ್ಲಿ ಅತ್ತಳು.

"ಹೆದರಬೇಡ," ಅಂದರು ಧಣಿಗಳು ತ್ಯಾಂಪನಿಗೆ. "ಹೊರಗೆ ಕಳೆದ ದಿನ ಗಡುವಿಗೆ ಸೇರುವುದಿಲ್ಲ. ಅಷ್ಟನ್ನು ಕೊನೆಗೆ ಸೇರಿಸಿ ಕೊಡುತ್ತಾರೆ."

ತ್ಯಾಂಪ ಚಾಪೆ ಸುತ್ತಿಕೊಂಡು ಹೊರಗೆ ಹೋದ. ಬೇಕರಿಯ ಹೊರಗೆ. ಬಿಸಿಲಲ್ಲಿ ಕೂತ, ಮರಳುಗಾಳಿಯಲ್ಲಿ ಮಲಗಿದ. ಮೈಯೆಲ್ಲ ಬೊಬ್ಬೆ ಎದ್ದವು.

"ಬಾಗಿಲ ಹೊರಗಲ್ಲ ಮಾರಾಯ, ದೇಶದ ಹೊರಗೆ. ಗಡಿ ದಾಟಿ ಪಾಸ್‌ಪೋರ್ಟಿಗೆ ಸೀಲು ಹಾಕಿಸಬೇಕು," ಅಂದರು ಧಣಿಗಳು.

ರಜೆಯ ದಿನ ತ್ಯಾಂಪ ಬಸ್ಸು ಹತ್ತಿದ. ಗಡಿ ದಾಟಿದ, ಸೀಲು ಹಾಕಿಸಿದ, ಅಲ್ಲೇ ತಿರುಗಿ ಬಂದ. ಮತ್ತೆ ದಾಟಿದ, ಮತ್ತೆ ಬಂದ. ಪೊಲೀಸರು ಹಿಡಿದು ಕೂರಿಸಿದರು.

"ಏನು ಸಾಗಿಸುತ್ತಿದ್ದೀ?"

"ದಿನ," ಅಂದ ತ್ಯಾಂಪ.

ಧಣಿಗಳು ಓಡಿಬಂದು ಬಿಡಿಸಿದರು. "ಇವತ್ತು ನಿನ್ನ ವೀಸಾವೇ ಹೋಗುತ್ತಿತ್ತು. ಹೋದ ದಿನವೇ ಬಂದರೆ ಏನೂ ಉಳಿಯುವುದಿಲ್ಲ, ಇಡೀ ದಿನ ಹೊರಗಿರಬೇಕು. ಊರಿಗೆ ಹೋಗು, ನಿಧಾನವಾಗಿ ಬಾ."

ತ್ಯಾಂಪ ಊರಿಗೆ ಬಂದ. ನಿಧಾನವಾಗಿ ಎದ್ದ, ನಿಧಾನವಾಗಿ ಉಂಡ. ತಿಂಗಳಾಯಿತು, ಮೂರಾಯಿತು, ಐದು ದಾಟಿತು.

"ಯಾವಾಗ ಹೊರಡುತ್ತೀ ಮಗಾ?"

"ನಿಧಾನವಾಗಿ, ಅಮ್ಮ."

ಧಣಿಗಳ ಫೋನು ಬಂತು. "ಕಲ್ಯಾಣಿಯಕ್ಕ, ಸಣ್ಣ ರಜೆಯಾದರೆ ದಿನ ಉಳಿಯುತ್ತದೆ. ಒಂದೇ ಸಮನೆ ಆರು ತಿಂಗಳು ಹೊರಗಿದ್ದರೆ ವೀಸಾವೇ ಸಾಯುತ್ತದೆ. ನಾಡಿದ್ದಿಗೆ ಆರು ತುಂಬುತ್ತದೆ."

ಸುಮಲತಾ ಓಡಿ ಟಿಕೆಟು ಮಾಡಿಸಿದಳು. ರಿಕ್ಷಾ ಬಂತು. ತಾಯಿ ಕಣ್ಣೊರೆಸಿಕೊಂಡು, "ಹೋಗಿ ಬಾ ಮಗಾ," ಅಂದಳು.

ಮರುದಿನವೆಲ್ಲ ಅವಳು ಫೋನಿನ ಮುಂದೆ ಕೂತಳು. ಬೇಕರಿಗೆ ತ್ಯಾಂಪ ಮುಟ್ಟಿಲ್ಲ. ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ರಿಕ್ಷಾ ನಿಂತಿತು. ಇಳಿದವನು ತ್ಯಾಂಪ.

"ಒಳಗೆ ಬಿಡಲಿಲ್ಲವೇನೋ?"

"ಬಿಟ್ಟರು. ಸೀಲೂ ಹಾಕಿದರು. ಹೋಗಿ ಬಾ ಅಂದೆಯಲ್ಲಮ್ಮ. ಹೋದೆ. ಬಂದೆ."

ಕಲ್ಯಾಣಿ ಧಣಿಗಳಿಗೆ ಫೋನು ಮಾಡಿದಳು. ಅವರು, "ಸೀಲು ಬಿದ್ದಿದೆಯಲ್ಲ, ವೀಸಾ ಬದುಕಿತು. ನಾಳೆ ನಾನೇ ಟಿಕೆಟು ಕಳಿಸುತ್ತೇನೆ. ಅವನಿಗೆ ಹೇಳುವಾಗ ಜಾಗ್ರತೆ," ಅಂದರು.

ಹೊರಟವರಿಗೆ ಬರೀ 'ಹೋಗು' ಅನ್ನಬಾರದು, ಅಪಶಕುನ. ಆದರೂ ಈ ಸಲ ಕಲ್ಯಾಣಿ ಬಾಗಿಲ ಚೌಕಟ್ಟು ಹಿಡಿದು, ಮನಸ್ಸು ಗಟ್ಟಿ ಮಾಡಿ, "ಹೋಗು," ಅಂದಳು. ತ್ಯಾಂಪ ಹೋದ.

ಉಳಿಸಿದ ದಿನಗಳೂ ಸೇರಿದವು. ಸುಮಲತಾ ಓದು ಮುಗಿಸಿ ಕೆಲಸಕ್ಕೆ ಸೇರಿದಳು. ಗಡುವಿನ ಕೊನೆಯ ದಿನ ಧಣಿಗಳ ಫೋನು ಬಂತು. ಗಾಬರಿಯ ದನಿ.

"ಕಲ್ಯಾಣಿಯಕ್ಕ, ಇವತ್ತು ಹೊರಡದಿದ್ದರೆ ಇವನನ್ನು ಜೈಲಿಗೆ ಹಾಕುತ್ತಾರೆ. ಇವನು ವಿಮಾನ ಹತ್ತುವುದಿಲ್ಲ ಅನ್ನುತ್ತಾನೆ. ಅಮ್ಮ ಹೋಗು ಅಂದಿದ್ದಾಳೆ, ಬಾ ಅಂದಿಲ್ಲವಂತೆ."