ಪಥ್ಯವಿಲ್ಲದ ಮದ್ದು

ಪಣಕ್ಕಿದ್ದದ್ದು ಒಂದು ಅಂಗಡಿ. ತಿಪಟೂರು ಪೇಟೆಯಲ್ಲಿ ನನ್ನ ಮಳಿಗೆಯ ಪಕ್ಕದಲ್ಲೇ ಒಬ್ಬಾಕೆ ಬೇರು, ನಾರು, ಚೂರ್ಣ ಮಾರುತ್ತಿದ್ದಳು. ಕಟ್ಟಡದ ಮಾಲೀಕರು ಮರುಳಸಿದ್ದಪ್ಪನವರು ಒಂದು ದಿನ ಎದೆ ನೀವಿಕೊಳ್ಳುತ್ತ ಬಂದರು.

"ಏನಮ್ಮಾ, ಈ ಎದೆಯುರಿ ಒಂದು ತಿಂಗಳಲ್ಲಿ ಹೋಗಬೇಕು. ಇಲ್ಲದಿದ್ದರೆ ಅಂಗಡಿ ಖಾಲಿ ಮಾಡು. ಇನ್ನೊಂದು ಮಾತು. ಅದು ತಿನ್ನಬೇಡಿ, ಇದು ಮುಟ್ಟಬೇಡಿ ಅಂತ ಪಥ್ಯದ ಪುರಾಣ ತೆಗೀಬೇಡ. ನನಗೆ ಹೇಳುವವರು ಇನ್ನೂ ಹುಟ್ಟಿಲ್ಲ!"

ಸಂಜೆಗೆ ಹನ್ನೆರಡು ಮೆಣಸಿನಕಾಯಿ ಬೋಂಡ ತಿನ್ನುವ ಮನುಷ್ಯ. ಪಥ್ಯವಿಲ್ಲದೆ ಯಾವ ಮದ್ದೂ ನಾಟುವುದಿಲ್ಲ ಎಂದು ಆಕೆಗೆ ಗೊತ್ತು. ಆದರೂ ನಕ್ಕಳು.

"ಬಿಡ್ತು ಅನ್ನಿ ಯಜಮಾನ್ರೇ! ನಿಮಗೆಂಥ ಪಥ್ಯ? ಬೋಂಡ ಎಷ್ಟು ಬೇಕೋ ಅಷ್ಟು ತಿನ್ನಿ. ಒಂದೊಂದು ಬೋಂಡಕ್ಕೂ ಒಂದೊಂದು ಸಣ್ಣ ಲೋಟ ನೆಲಬೇವಿನ ಕಷಾಯ ಕುಡೀರಿ, ಅಷ್ಟೇ. ಬೆಲ್ಲ ಮಾತ್ರ ಬೆರೆಸೋ ಹಾಗಿಲ್ಲ."

ಮೊದಲ ದಿನ ಯಜಮಾನರು ಮೂರನೆಯ ಲೋಟಕ್ಕೇ ಕೈಮುಗಿದರು. ಮರುದಿನ ಒಂದೇ ಬೋಂಡ. ವಾರದೊಳಗೆ ಬಾಣಲೆಯ ಸದ್ದು ಕೇಳಿದರೇ ಅವರ ಬಾಯಿ ಕಹಿಯಾಗತೊಡಗಿತು. ಮುದ್ದೆ, ಮಜ್ಜಿಗೆಗೆ ಇಳಿದರು. ಎದೆಯುರಿ ತನ್ನ ಪಾಡಿಗೆ ತಾನು ಹೋಯಿತು.

ತಿಂಗಳಿಗೆ ಸರಿಯಾಗಿ ಬಂದು ಗುಡುಗಿದರು: "ಪಥ್ಯ ಬೇಡ ಅಂದಿದ್ದೆನಲ್ಲ! ನನ್ನ ಬೋಂಡ ಬಿಡಿಸಿಬಿಟ್ಟೆಯಲ್ಲ!"

"ನಾನೆಲ್ಲಿ ಬಿಡಿಸಿದೆ ಯಜಮಾನ್ರೇ? ಇವತ್ತೂ ತಿನ್ನಿ. ಲೋಟ ತರಲಾ?"

ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ದನಿ ತಗ್ಗಿಸಿ, "ನಾಳೆ ನನ್ನ ಭಾವಮೈದನನ್ನ ಕಳಿಸ್ತೀನಿ. ಅವನಿಗೂ ಪಥ್ಯ ಹೇಳಬೇಡ. ಲೋಟ ಮಾತ್ರ ದೊಡ್ಡದಿರಲಿ" ಎಂದರು.

ಹೀಗೆ ಆಕೆಗೆ ಅಂಗಡಿಯೂ ಉಳಿಯಿತು, ಗಿರಾಕಿಯೂ ಒಬ್ಬ ಹೆಚ್ಚಿದ.